ವೀರಗಲ್ಲಿನ ಸುದ್ದಿ, ಯಂತ್ರದ ಓದು

ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದ ಅಮ್ಮಾಜಾನ್–ಬಾವಾಜಾನ್ ದರ್ಗಾಕ್ಕೆ ಹರಕೆ ಹೊತ್ತು ಬರುವವರು ದಾಟಿ ಬರುವುದು ವೀರಗಲ್ಲುಗಳ ಸೀಮೆಯನ್ನು. ಬೆಂಗಳೂರಿನಲ್ಲೇ ಹುಟ್ಟಿದ ಶಾಸನತಜ್ಞ ಬಿ.ಎಲ್. ರೈಸ್ 1905ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಶಾಸನ ಸಂಗ್ರಹದ 10ನೇ ಸಂಪುಟ ಅಂದಿನ ಕೋಲಾರ ಜಿಲ್ಲೆಯದು. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ತಾಲ್ಲೂಕುಗಳ ಶಾಸನಗಳೂ ಅದರಲ್ಲೇ ಸಿಗುತ್ತವೆ.

ಕಾದಿ ಮಡಿದವರ ನೆನಪಿಗೆ ನಿಲ್ಲಿಸಿದ ವೀರಗಲ್ಲೆಂದರೆ ಅದರ ಕಾಲದ ಸುದ್ದಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಅದರ ಮೇಲೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ತುದಿಯಲ್ಲಿ ಲಿಂಗಪೂಜೆ. ದನಗಳಿಗಾಗಿ ನಡೆದ ಹೋರಾಟವಾದರೆ ಹಸುಗಳೂ ಕಲ್ಲಿನಲ್ಲಿ ಮೂಡಿರುತ್ತವೆ. ನಡುವಿನ ಕೆಲವೇ ಸಾಲುಗಳಲ್ಲಿ ಯಾವ ಅರಸನ ಕಾಲ, ಯಾವ ಊರು, ಯಾರು ಕಾದಿ ಸತ್ತರು, ಅವರ ಮನೆಯವರಿಗೆ ಏನು ಸಂದಿತು ಎಂಬುದಿಷ್ಟೂ ಅಡಕವಾಗಿರುತ್ತದೆ. ದನ ಹಿಡಿದೊಯ್ದರೆ ತುರುಗೋಳ್, ಊರು ಹಾಳಾದರೆ ಊರಳಿವು, ಹೆಣ್ಣುಮಕ್ಕಳ ಸೆರೆ ಬಿಡಿಸಲು ಹೋರಾಡಿದರೆ ಪೆಣ್ಬುಯ್ಯಲ್. ಸತ್ತವನ ಕುಟುಂಬಕ್ಕೆ ಬಿಟ್ಟ ಭೂಮಿ ನೆತ್ತರುಗೊಡಗೆ. ಶಾಸನ ವಿದ್ವಾಂಸರು ಇಂಥ ಘಟನೆಗಳನ್ನು ಒಂದೊಂದಾಗಿ ಗುರುತಿಸಿ ವಿಂಗಡಿಸಿದರು.

ಬರಹದಿಂದ ಘಟನೆಯನ್ನು ಹೆಕ್ಕುವ ಇದೇ ಕೆಲಸವನ್ನು ಕಂಪ್ಯೂಟರ್‌ಗೆ ಕಲಿಸುವ ಯತ್ನ 1980ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಬಿರುಸು ಪಡೆಯಿತು. ಮೊದಮೊದಲು ಓದಿಸಿದ್ದು ಸೇನಾ ಸಂದೇಶಗಳನ್ನು, ಆಮೇಲೆ ಸುದ್ದಿಬರಹಗಳನ್ನು. ಇಂಥ ಕಲಿಕೆಗೆ ಬಳಸುವ 2005ರ ಹೆಸರಾಂತ ‘ಏಸ್’ ದತ್ತಾಂಶದಲ್ಲಿ 33 ಬಗೆಯ ಘಟನೆಗಳಿವೆ: ದಾಳಿ, ಸಾವು, ಮದುವೆ, ಬಂಧನ ಇತ್ಯಾದಿ. ತುರುಗೋಳಿಗೆ ಅಲ್ಲಿ ಜಾಗವಿಲ್ಲ.

ಹೊಸ ಬಗೆಯ ಘಟನೆಯನ್ನು ಯಂತ್ರಕ್ಕೆ ಕಲಿಸಲು ಸಾವಿರಾರು ಮಾದರಿ ಎಲ್ಲಿಂದ ತರುವುದು? ತುರುಗೋಳಿನ ಕಲ್ಲುಗಳಾದರೂ ಸಾಕಷ್ಟಿವೆ, ಪೆಣ್ಬುಯ್ಯಲ್ ಅಪರೂಪ. ಇಂಥ ಕೊರತೆಗೆಂದೇ 2017ರಲ್ಲಿ ‘ಪ್ರೋಟೋಟಿಪಿಕಲ್ ನೆಟ್‌ವರ್ಕ್’ ಎಂಬ ನರಜಾಲ ವಿಧಾನ ಬಂತು. ಒಂದು ಬಗೆಗೆ ಐದೇ ವಾಕ್ಯ ಕೊಟ್ಟರೂ ನರಜಾಲ ಅವನ್ನು ಸಂಖ್ಯೆಗಳ ಸಾಲಾಗಿಸಿ, ಸರಾಸರಿ ತೆಗೆದು, ಆ ಬಗೆಗೊಂದು ನಡುಬಿಂದು ಗೊತ್ತುಮಾಡುತ್ತದೆ. ಹೊಸ ವಾಕ್ಯ ಯಾವ ನಡುಬಿಂದುವಿಗೆ ಹತ್ತಿರವೋ ಅದೇ ಬಗೆಗೆ ಸೇರುತ್ತದೆ. ಆದರೆ ಆ ಸಂಖ್ಯೆಗಳು ಅರ್ಥ ಹಿಡಿಯಬೇಕಾದರೆ ನರಜಾಲಕ್ಕೆ ಭಾಷೆ ಮೊದಲೇ ಗೊತ್ತಿರಬೇಕು. ಗೂಗಲ್‌ನ ‘ಮ್ಯೂರಿಲ್’ ಭಾಷಾ ಮಾದರಿ ಕನ್ನಡವನ್ನೂ ಓದಿಕೊಂಡಿದೆ, ನಿಜ. ಅದು ಓದಿರುವುದು ಹೆಚ್ಚಾಗಿ ಇಂದಿನ ಕನ್ನಡ. ಶಾಸನಗಳ ಮಾತೇ ಬೇರೆ: ಒಂದು ಕಲ್ಲು ‘ಸತ್ತ’ ಎಂದರೆ ಇನ್ನೊಂದು ‘ಸುರಲೋಕ ಪ್ರಾಪ್ತನಾದ’ ಎನ್ನುತ್ತದೆ. ಕೋಲಾರ ಸೀಮೆಯಲ್ಲಂತೂ ತಮಿಳು, ತೆಲುಗು ಶಾಸನಗಳೂ ಬೆರೆತಿವೆ.

ಗ್ರೀಕ್ ಶಾಸನಗಳಿಗೆ ನರಜಾಲ ಓದುವ ಯೋಗ ಆಗಲೇ ಬಂದಿದೆ. 2022ರ ‘ಇಥಾಕಾ’ ನರಜಾಲ ಅಳಿದ ಅಕ್ಷರ ಊಹಿಸುತ್ತದೆ, ಕಾಲ ಮತ್ತು ಸ್ಥಳ ಸೂಚಿಸುತ್ತದೆ. ಅದರ ನೆರವಿನಿಂದ ಅಕ್ಷರ ತುಂಬುವಲ್ಲಿ ಇತಿಹಾಸಕಾರರ ನಿಖರತೆ ಶೇ 25ರಿಂದ 72ಕ್ಕೇರಿತು. ಅದರ ಬೆನ್ನಿಗಿದ್ದದ್ದು ಹತ್ತಾರು ಸಾವಿರ ಗ್ರೀಕ್ ಶಾಸನಗಳ ಡಿಜಿಟಲ್ ಪಾಠ.

ನಮ್ಮಲ್ಲಿ ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ. ಕಲ್ಲು ಉಳಿಸುವ ದೊಡ್ಡ ಕೆಲಸವದು. ಇದರ ಜೊತೆಗೆ, ಯಂತ್ರಕ್ಕೆ ಕಲಿಸಲು, ಪ್ರತಿ ಬಗೆಯ ಘಟನೆಗೂ ಹತ್ತಿಪ್ಪತ್ತು ಶಾಸನಗಳಲ್ಲಿ ‘ಯಾರು, ಎಲ್ಲಿ, ಏಕೆ’ ಎಂದು ಗುರುತು ಹಾಕಿಕೊಡುವವರು ಬೇಕು. ಹಳಗನ್ನಡ ಬಲ್ಲ ಚಿಂತಾಮಣಿ, ಶಿಡ್ಲಘಟ್ಟದ ಮೇಷ್ಟ್ರುಗಳು, ಕಾಲೇಜು ವಿದ್ಯಾರ್ಥಿಗಳು 10ನೇ ಸಂಪುಟದಿಂದಲೇ ಇದನ್ನು ಶುರುಮಾಡಲಿ.