ಜೈವಿಕ ಮಾಹಿತಿ ವಿಜ್ಞಾನ ಮತ್ತು ವ್ಯವಸ್ಥಾ ಜೀವಶಾಸ್ತ್ರ: ಸ್ನಾತಕೋತ್ತರ ಅಧ್ಯಯನಕ್ಕೊಂದು ಪ್ರವೇಶಿಕೆ

ಜೀವಿಗಳ ಅಣುಗಳಲ್ಲಿ ಅಡಗಿರುವ ಮಾಹಿತಿಯನ್ನು ಗಣಕಯಂತ್ರದ ನೆರವಿನಿಂದ ಓದಿ, ಹೋಲಿಸಿ, ಅರ್ಥೈಸುವ ಶಾಸ್ತ್ರಕ್ಕೆ ಜೈವಿಕ ಮಾಹಿತಿ ವಿಜ್ಞಾನ ಅಥವಾ ಬಯೋಇನ್ಫರ್ಮ್ಯಾಟಿಕ್ಸ್ ಎಂದು ಹೆಸರು. ಹೀಗೆ ಓದಿದ ಬಿಡಿ ಸಂಗತಿಗಳು ಜೀವಕೋಶದಲ್ಲಿ, ಅಂಗದಲ್ಲಿ, ಇಡೀ ದೇಹದಲ್ಲಿ ಒಂದಕ್ಕೊಂದು ಹೆಣೆದುಕೊಂಡು ಹೇಗೆ ವರ್ತಿಸುತ್ತವೆ ಎಂಬುದನ್ನು ಗಣಿತದ ಮಾದರಿಗಳ ಮೂಲಕ ಅರಿಯುವ ಶಾಸ್ತ್ರವೇ ವ್ಯವಸ್ಥಾ ಜೀವಶಾಸ್ತ್ರ, ಅಂದರೆ ಸಿಸ್ಟಮ್ಸ್ ಬಯಾಲಜಿ. ಇವೆರಡನ್ನೂ ಒಟ್ಟಿಗೆ ಕಲಿಸುವ ಸ್ನಾತಕೋತ್ತರ ಪದವಿಗಳು ಇಂದು ಯುರೋಪಿನಲ್ಲಿಯೂ ಭಾರತದಲ್ಲಿಯೂ ಇವೆ.

ಬಹ್ರೇನ್ ದ್ವೀಪದ ವಾಯವ್ಯ ತೀರದಲ್ಲಿರುವ ಬುದಯ್ಯದಲ್ಲಿ ನೆಲೆಸಿರುವ ನಾನು ವೃತ್ತಿಯಿಂದ ವೈದ್ಯ. ಹನ್ನೆರಡನೆಯ ತರಗತಿಯ ಫಲಿತಾಂಶ ಬಂದ ಮೇಲೆ ಪರಿಚಯದ ಕನ್ನಡ ಕುಟುಂಬಗಳ ತಂದೆತಾಯಿಗಳು, "ವೈದ್ಯಕೀಯ ಸೀಟು ಸಿಗದಿದ್ದರೆ ಈ ದಾರಿ ಹಿಡಿಸಬಹುದೆ?" ಎಂದು ಕೇಳುವುದುಂಟು. ಈ ವಿದ್ಯೆಯು ಸೋತವರ ಸಮಾಧಾನಕ್ಕಾಗಿ ಇರುವುದೆಂಬ ಊಹೆ ಆ ಪ್ರಶ್ನೆಯಲ್ಲಿ ಅಡಗಿದೆ. ಇದರಲ್ಲಿ ಏನನ್ನು ಕಲಿಸುತ್ತಾರೆ, ಕಲಿತವರಿಂದ ರೋಗಿಗೆ ಏನು ಪ್ರಯೋಜನ ಎಂಬುದನ್ನು, ನಾವು ಬಿಟ್ಟು ಬಂದ ನಾಡಿಗೂ ಬಂದು ಸೇರಿದ ನಾಡಿಗೂ ಪರಿಚಿತವಾದ ಒಂದು ರೋಗದ ಮೂಲಕ ವಿವರಿಸುವುದು ಈ ಲೇಖನದ ಉದ್ದೇಶ.

ಒಂದು ಅಕ್ಷರದ ದೋಷ

ಕುಡಗೋಲು ಕಣ ರೋಗ, ಅಂದರೆ ಸಿಕಲ್ ಸೆಲ್ ರಕ್ತಹೀನತೆ, ಬಹ್ರೇನಿನ ಪ್ರಮುಖ ಆನುವಂಶಿಕ ಕಾಯಿಲೆಗಳಲ್ಲೊಂದು. ಮದುವೆಗೆ ಮುನ್ನ ವಧೂವರರು ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಇಲ್ಲಿ 2004ರಲ್ಲಿಯೇ ಶಾಸನವಾಯಿತು. ಭಾರತದಲ್ಲಿ ಈ ದೋಷವನ್ನು ಮೊದಲಿಗೆ ಗುರುತಿಸಿದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟುಗಳಲ್ಲಿ. ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಗಿರಿಜನರಲ್ಲಿಯೂ ಅದು ಕಾಣುತ್ತದೆ. ಭಾರತ ಸರ್ಕಾರವು 2023ರ ಜುಲೈ 1ರಂದು ಆರಂಭಿಸಿದ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದ 17 ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಈ ರೋಗದ ಮೂಲ ಅತಿ ಸಣ್ಣದು. ಮನುಷ್ಯನ ಆನುವಂಶಿಕ ಗ್ರಂಥದಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಹನ್ನೊಂದನೆಯ ವರ್ಣತಂತುವಿನಲ್ಲಿರುವ ಬೀಟಾ ಗ್ಲೋಬಿನ್ ಜೀನಿನಲ್ಲಿ 'ಎ' ಎಂಬ ಅಕ್ಷರವಿರಬೇಕಾದ ಒಂದು ಸ್ಥಾನದಲ್ಲಿ 'ಟಿ' ಬಂದರೆ, ಹಿಮೋಗ್ಲೋಬಿನ್ನಿನ ಸರಪಳಿಯ ಆರನೆಯ ಕೊಂಡಿಯಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವೇಲೀನ್ ಕೂರುತ್ತದೆ. ತಂದೆತಾಯಿ ಇಬ್ಬರಿಂದಲೂ ಈ ದೋಷವನ್ನು ಪಡೆದ ಮಗುವಿನಲ್ಲಿ, ಆಮ್ಲಜನಕ ಕಡಿಮೆಯಾದಾಗ ಹಿಮೋಗ್ಲೋಬಿನ್ ನಾರುನಾರಾಗಿ ಗಟ್ಟಿಯಾಗುತ್ತದೆ, ಕೆಂಪು ರಕ್ತಕಣ ಕುಡಗೋಲಿನಂತೆ ಬಾಗುತ್ತದೆ, ಕಿರುನಾಳಗಳು ಕಟ್ಟಿಕೊಂಡು ಸಹಿಸಲಾಗದ ನೋವು ಬರುತ್ತದೆ. ಇದನ್ನು 'ಅಣುರೋಗ' ಎಂದು 1949ರಲ್ಲಿ ಕರೆದವನು ಲೈನಸ್ ಪೌಲಿಂಗ್.

ಪಾಠಾಂತರಗಳ ಶಾಸ್ತ್ರ

ಜೈವಿಕ ಮಾಹಿತಿ ವಿಜ್ಞಾನದ ಮೊದಲ ಪಾಠವನ್ನು ಕನ್ನಡಿಗರಿಗೆ ವಿವರಿಸುವುದು ಸುಲಭ, ಏಕೆಂದರೆ ನಮ್ಮಲ್ಲಿ ಗ್ರಂಥಸಂಪಾದನೆಯ ದೀರ್ಘ ಪರಂಪರೆಯಿದೆ. ಹಳಗನ್ನಡ ಕಾವ್ಯವೊಂದರ ಹಲವು ಓಲೆಪ್ರತಿಗಳನ್ನು ಸಂಪಾದಕನು ಸಾಲಿಗೆ ಸಾಲು ಹೊಂದಿಸಿ ಪಾಠಾಂತರಗಳನ್ನು ಗುರುತಿಸುತ್ತಾನೆ. ಎರಡು ಪ್ರತಿಗಳಲ್ಲಿ ಒಂದೇ ಬಗೆಯ ಸ್ಖಾಲಿತ್ಯಗಳು ಒಟ್ಟೊಟ್ಟಿಗೆ ಕಂಡರೆ ಅವೆರಡೂ ಒಂದೇ ಮಾತೃಪ್ರತಿಯಿಂದ ಬಂದವೆಂದು ತೀರ್ಮಾನಿಸುತ್ತಾನೆ. ಡಿ.ಎನ್.ಎ. ಸರಣಿಗಳಿಗೂ ಇದೇ ವಿಧಾನ. ಸರಣಿಗಳನ್ನು ಹೊಂದಿಸುವ ಕ್ರಮವಿಧಿಯನ್ನು ನೀಡಲ್‌ಮನ್ ಮತ್ತು ವುನ್ಶ್ 1970ರಲ್ಲಿ ರೂಪಿಸಿದರು. ಬೃಹತ್ ಭಂಡಾರಗಳಲ್ಲಿ ವೇಗವಾಗಿ ಹುಡುಕುವ ಬ್ಲಾಸ್ಟ್ ಎಂಬ ತಂತ್ರಾಂಶ 1990ರಲ್ಲಿ ಬಂದಿತು.

ಸಿಕಲ್ ಅಕ್ಷರದ ಆಚೀಚಿನ ಪಾಠಾಂತರಗಳನ್ನು ಹೀಗೆ ಹೋಲಿಸಿದಾಗ 1980ರ ದಶಕದಲ್ಲಿ ಒಂದು ಸ್ವಾರಸ್ಯದ ಸಂಗತಿ ಹೊರಬಿದ್ದಿತು. ಆಫ್ರಿಕದಲ್ಲಿ ಈ ದೋಷದ ಸುತ್ತ ಕಾಣುವ ಪಾಠಗಳು ಒಂದು ಬಗೆ. ಭಾರತದಲ್ಲಿಯೂ ಪೂರ್ವ ಅರೇಬಿಯಾದಲ್ಲಿಯೂ ಕಾಣುವ ಪಾಠ ಇನ್ನೊಂದು ಬಗೆ, ಮತ್ತು ಅದು ಎರಡೂ ಕಡೆ ಒಂದೇ. ವಿಜ್ಞಾನಿಗಳು ಅದಕ್ಕೆ ಅರಬ್-ಭಾರತೀಯ ಹ್ಯಾಪ್ಲೋಟೈಪ್ ಎಂದು ಹೆಸರಿಟ್ಟರು. ಕೊಲ್ಲಿಯ ಮಗುವಿನ ದೋಷವೂ ನಮ್ಮ ಕಾಡಂಚಿನ ಹಾಡಿಯ ಮಗುವಿನ ದೋಷವೂ ಒಂದೇ ಮಾತೃಪ್ರತಿಯಿಂದ ಇಳಿದು ಬಂದಿವೆ.

ಒಂದೇ ಅಕ್ಷರ, ಬೇರೆ ಬೇರೆ ಬಾಳು

ಅಕ್ಷರವನ್ನು ಓದಿದ ಮಾತ್ರಕ್ಕೆ ರೋಗಿಯ ಭವಿಷ್ಯ ತಿಳಿಯುವುದಿಲ್ಲ. ಒಂದೇ ದೋಷವಿರುವ ಇಬ್ಬರು ಮಕ್ಕಳಲ್ಲಿ ಒಬ್ಬನು ಮತ್ತೆ ಮತ್ತೆ ಆಸ್ಪತ್ರೆ ಸೇರುತ್ತಾನೆ, ಇನ್ನೊಬ್ಬನು ವರ್ಷಗಟ್ಟಲೆ ಆಟವಾಡಿಕೊಂಡಿರುತ್ತಾನೆ. ಈ ರೋಗವನ್ನು ನೋಡುವ ಎಲ್ಲ ವೈದ್ಯರಿಗೂ ಇದು ಗೊತ್ತು. "ನನ್ನ ಮಗು ಯಾವ ಬಗೆಯದು?" ಎಂದು ತಾಯಿ ಕೇಳಿದಾಗ ಉತ್ತರಿಸಲು ಬೇಕಾದದ್ದು ವ್ಯವಸ್ಥೆಯ ಜ್ಞಾನ.

ಸಿಕಲ್ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಟ್ಟುಕೊಟ್ಟ ಕೂಡಲೇ ಗಟ್ಟಿಯಾಗುವುದಿಲ್ಲ, ನಡುವೆ ಒಂದು ವಿಳಂಬವಿದೆ. ವಿಳಂಬ ಮುಗಿಯುವುದರೊಳಗೆ ರಕ್ತಕಣವು ಕಿರುನಾಳವನ್ನು ದಾಟಿಬಿಟ್ಟರೆ ಆಪತ್ತು ತಪ್ಪಿತು. ಈ ವಿಳಂಬವು ಕಣದೊಳಗಿನ ಹಿಮೋಗ್ಲೋಬಿನ್ ಸಾಂದ್ರತೆಯ 15ರಿಂದ 30ನೆಯ ಘಾತಕ್ಕೆ ವಿಲೋಮವಾಗಿರುತ್ತದೆಂದು 1970ರ ದಶಕದಿಂದೀಚೆಗಿನ ಪ್ರಯೋಗಗಳು ತೋರಿಸಿವೆ. ಘಾತವು 15 ಎಂದಿಟ್ಟುಕೊಂಡರೂ ಸಾಂದ್ರತೆ ಶೇಕಡ 10ರಷ್ಟು ಇಳಿದಾಗ ವಿಳಂಬ ಸುಮಾರು 5 ಪಟ್ಟಾಗುತ್ತದೆ, 30 ಆದರೆ 20 ಪಟ್ಟನ್ನೂ ಮೀರುತ್ತದೆ. ಬಹ್ರೇನಿನ ಬೇಸಿಗೆಯಲ್ಲಿ ಮೈಯ ನೀರು ಬತ್ತಿದಾಗ ಕಣದೊಳಗಿನ ಸಾಂದ್ರತೆ ಏರಿ ಇದಕ್ಕೆ ತದ್ವಿರುದ್ಧವಾಗುತ್ತದೆ. ಧಾರಾಳವಾಗಿ ನೀರು ಕುಡಿಯಿರಿ ಎಂದು ನಾವು ವೈದ್ಯರು ವಾಡಿಕೆಯಂತೆ ಹೇಳುವ ಮಾತಿನ ಹಿಂದೆ ಎಷ್ಟು ಬಲವಿದೆಯೆಂಬುದು ನನಗೆ ಮನವರಿಕೆಯಾದದ್ದು ಈ ಸಮೀಕರಣದಿಂದ. ಸಣ್ಣ ಬದಲಾವಣೆಯೊಂದು ದೊಡ್ಡ ಪರಿಣಾಮಕ್ಕೆ ತಿರುಗುವ ಇಂಥ ಜಾಗಗಳನ್ನು ಹುಡುಕುವುದೇ ವ್ಯವಸ್ಥಾ ಜೀವಶಾಸ್ತ್ರದ ಕಸುಬು.

ಭ್ರೂಣಾವಸ್ಥೆಯ ಹಿಮೋಗ್ಲೋಬಿನ್ ಇನ್ನೊಂದು ಅಂಶ. ಹುಟ್ಟಿದ ಕೆಲವು ತಿಂಗಳಲ್ಲಿ ದೇಹವು ಅದರ ತಯಾರಿಕೆಯನ್ನು ಬಹುಮಟ್ಟಿಗೆ ನಿಲ್ಲಿಸುತ್ತದೆ. ಅದು ಉಳಿದುಕೊಂಡವರಲ್ಲಿ ಸಿಕಲ್ ನಾರುಗಳು ಬೆಳೆಯಲು ಅಡ್ಡಿಯಾಗುತ್ತದೆ. ಅರಬ್-ಭಾರತೀಯ ಪಾಠದವರಲ್ಲಿ ಇದರ ಪ್ರಮಾಣ ಸಾಮಾನ್ಯವಾಗಿ ಹೆಚ್ಚು, ಆದ್ದರಿಂದ ಹಲವರಲ್ಲಿ ರೋಗ ಸೌಮ್ಯ. ಆಲ್ಫಾ ಥಲಸೀಮಿಯ ಜೊತೆಗಿದ್ದರೆ ಚಿತ್ರ ಮತ್ತೆ ಬದಲಾಗುತ್ತದೆ.

ಗಣಕದಿಂದ ರೋಗಿಯ ಹಾಸಿಗೆಗೆ

ಭ್ರೂಣ ಹಿಮೋಗ್ಲೋಬಿನ್ನಿನ ತಯಾರಿಕೆಯನ್ನು ನಿಲ್ಲಿಸುವವರು ಯಾರು? ಸಾವಿರಾರು ಜನರ ಆನುವಂಶಿಕ ಅಕ್ಷರಗಳನ್ನು ಅವರ ರಕ್ತದ ಅಳತೆಗಳೊಂದಿಗೆ ಸಂಖ್ಯಾಶಾಸ್ತ್ರೀಯವಾಗಿ ತಾಳೆ ನೋಡಿದ ಅಧ್ಯಯನಗಳು 2007-08ರಲ್ಲಿ ಬೊಟ್ಟು ಮಾಡಿದ್ದು ಬಿ.ಸಿ.ಎಲ್. 11 ಎ ಎಂಬ ಜೀನಿನತ್ತ. ಅದರ ಪ್ರೋಟೀನೇ ಆ ತಡೆಗಾರ. ಕೆಂಪು ರಕ್ತಕಣಗಳ ವಂಶದಲ್ಲಿ ಮಾತ್ರ ಆ ಜೀನನ್ನು ಚುರುಕುಗೊಳಿಸುವ ಡಿ.ಎನ್.ಎ. ಭಾಗ 2013ರಲ್ಲಿ ಪತ್ತೆಯಾಯಿತು. ರೋಗಿಯ ಕಾಂಡಕೋಶಗಳಲ್ಲಿ ಆ ಭಾಗವನ್ನು ಕ್ರಿಸ್ಪರ್ ಕತ್ತರಿಯಿಂದ ಕತ್ತರಿಸಿ, ಭ್ರೂಣ ಹಿಮೋಗ್ಲೋಬಿನ್ನನ್ನು ಮತ್ತೆ ತಯಾರಾಗುವಂತೆ ಮಾಡುವ ಕ್ಯಾಸ್ಜೆವಿ ಚಿಕಿತ್ಸೆಗೆ 2023ರ ನವೆಂಬರ್‌ನಲ್ಲಿ ಬ್ರಿಟನ್ ಮೊದಲ ಅನುಮತಿ ನೀಡಿತು. ಎರಡನೆಯ ಅನುಮತಿ ನೀಡಿದ ದೇಶ ಬಹ್ರೇನ್, ಅದೇ ಡಿಸೆಂಬರ್ ಆರಂಭದಲ್ಲಿ. ಅಮೆರಿಕದ ಅನುಮತಿ ಬಂದದ್ದು ಅದರ ನಂತರ.

ಈ ಚಿಕಿತ್ಸೆ ಸುಲಭದ್ದಲ್ಲ. ಮೂಳೆಮಜ್ಜೆಯನ್ನು ತೆರವುಗೊಳಿಸುವ ತೀವ್ರ ಔಷಧಗಳನ್ನು ಮೊದಲು ಕೊಡಬೇಕು. ಅಮೆರಿಕದಲ್ಲಿ ಘೋಷಿತ ಬೆಲೆ 22 ಲಕ್ಷ ಡಾಲರ್. ಎಲ್ಲ ರೋಗಿಗಳಿಗೂ ದಕ್ಕುವ ಮದ್ದು ಇನ್ನೂ ಬರಬೇಕಾಗಿದೆ. ಆದರೂ ದತ್ತಾಂಶದ ಕೋಷ್ಟಕದಿಂದ ರೋಗಿಯ ಹಾಸಿಗೆಯವರೆಗಿನ ದಾರಿ ಸುಮಾರು 16 ವರ್ಷಗಳಲ್ಲಿ ಸವೆಯಿತು. ಅದರ ಮೊದಲ ಹೆಜ್ಜೆಗಳನ್ನು ಇಟ್ಟವರಲ್ಲಿ ಕೈಯಲ್ಲಿ ಸ್ಟೆತಾಸ್ಕೋಪ್ ಹಿಡಿಯದವರು ಬಹಳ ಮಂದಿ.

ಬೆಂಗಳೂರಿನ ಪರಂಪರೆ

ಈ ವಿದ್ಯೆ ನಮ್ಮ ನಾಡಿಗೆ ಪರಕೀಯವಲ್ಲ. ಪ್ರೋಟೀನುಗಳ ಸರಪಳಿ ಯಾವ ಕೋನಗಳಲ್ಲಿ ಮಾತ್ರ ಬಾಗಬಲ್ಲದೆಂದು ತೋರಿಸುವ ರಾಮಚಂದ್ರನ್ ನಕ್ಷೆ 1963ರಲ್ಲಿ ಮದರಾಸಿನಿಂದ ಪ್ರಕಟವಾಯಿತು. ಅದನ್ನು ರೂಪಿಸಿದ ಜಿ.ಎನ್. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೈವಿಕ ಭೌತವಿಜ್ಞಾನದ ವಿಭಾಗವನ್ನು ಕಟ್ಟಿದರು. ಪ್ರೋಟೀನಿನ ಆಕಾರವನ್ನು ಕೃತಕ ಬುದ್ಧಿಮತ್ತೆಯು ಊಹಿಸುವ ಇಂದಿನ ದಿನಗಳಲ್ಲಿಯೂ ಆ ಆಕಾರದ ಗುಣವನ್ನು ಒರೆಹಚ್ಚಲು ಅದೇ ನಕ್ಷೆ ಬಳಕೆಯಲ್ಲಿದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಪಿಂದರ್ ಭಲ್ಲಾ ಅವರು ರವಿ ಅಯ್ಯಂಗಾರ್ ಅವರೊಡನೆ 1999ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವು, ಕೋಶದೊಳಗಿನ ಸಂಕೇತಮಾರ್ಗಗಳು ಹೆಣೆದುಕೊಂಡಾಗ ಬಿಡಿಯಾಗಿ ಯಾವುದರಲ್ಲಿಯೂ ಇಲ್ಲದ ಗುಣಗಳು ಮೂಡುವುದನ್ನು ಗಣಕ ಮಾದರಿಯಿಂದ ತೋರಿಸಿತು. ವ್ಯವಸ್ಥಾ ಜೀವಶಾಸ್ತ್ರದ ಆರಂಭದ ಮುಖ್ಯ ಬರಹಗಳಲ್ಲಿ ಅದೂ ಒಂದು.

2002ರಲ್ಲಿ ಆರಂಭವಾದ ಬೆಂಗಳೂರಿನ ಇನ್ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಜೊತೆ ಸೇರಿ 2014ರಲ್ಲಿ ಮಾನವ ಪ್ರೋಟೀನುಗಳ ಕರಡು ನಕ್ಷೆಯನ್ನು ಪ್ರಕಟಿಸಿತು. 30 ಬಗೆಯ ಅಂಗಾಂಶ ಮತ್ತು ಕೋಶಗಳಿಂದ 17,294 ಜೀನುಗಳ ಪ್ರೋಟೀನುಗಳನ್ನು ಅದು ಗುರುತಿಸಿತ್ತು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕರ್ನಾಟಕ ಸರ್ಕಾರದ ಬೆಂಬಲದಿಂದ ನಡೆಯುವ ಐಬ್ಯಾಬ್ ಸಂಸ್ಥೆಯು ಈ ಕ್ಷೇತ್ರದಲ್ಲಿ ವಿದ್ಯಾರ್ಥಿಗಳನ್ನು ತರಬೇತುಗೊಳಿಸುತ್ತಿದೆ. ಮಂಗಳೂರಿನ ಯೆನೆಪೋಯ ವಿಶ್ವವಿದ್ಯಾನಿಲಯದಲ್ಲಿ ವ್ಯವಸ್ಥಾ ಜೀವಶಾಸ್ತ್ರ ಮತ್ತು ಅಣು ವೈದ್ಯಶಾಸ್ತ್ರದ ಕೇಂದ್ರವಿದೆ. ಕೊಲ್ಲಿಯಲ್ಲಿರುವ ಕರಾವಳಿಯ ಕುಟುಂಬಗಳಿಗೆ ಇದು ತವರಿನ ಬಾಗಿಲಲ್ಲೇ ಇದ್ದಂತೆ.

ಪಠ್ಯದಲ್ಲಿ ಏನಿರುತ್ತದೆ?

ಆಮ್‌ಸ್ಟರ್‌ಡ್ಯಾಮಿನ ಎರಡು ವಿಶ್ವವಿದ್ಯಾನಿಲಯಗಳು ಜಂಟಿಯಾಗಿ ನಡೆಸುವ ಪದವಿಯ ಹೆಸರೇ ಜೈವಿಕ ಮಾಹಿತಿ ವಿಜ್ಞಾನ ಮತ್ತು ವ್ಯವಸ್ಥಾ ಜೀವಶಾಸ್ತ್ರ. ಅದು ಎರಡು ವರ್ಷದ, 120 ಯುರೋಪಿಯನ್ ಕ್ರೆಡಿಟ್‌ಗಳ ವ್ಯಾಸಂಗ. ಬ್ರಿಟನ್ನಿನಲ್ಲಿ ಇಂಥ ಪದವಿ ಸಾಮಾನ್ಯವಾಗಿ ಒಂದು ವರ್ಷದ್ದು. ಭಾರತದಲ್ಲಿ ಎರಡು ವರ್ಷದ ಎಂ.ಎಸ್ಸಿ. ವಾಡಿಕೆ, ಚಂಡೀಗಢದ ಪಂಜಾಬ್ ವಿಶ್ವವಿದ್ಯಾನಿಲಯದಲ್ಲಿ ಇದೇ ಜೋಡಿ ಹೆಸರಿನ ಪದವಿಯಿದೆ. ಹೆಸರುಗಳು ಬೇರೆಯಾದರೂ ತಿರುಳು ಬಹುತೇಕ ಒಂದೇ:

1. ಅಣು ಜೀವಶಾಸ್ತ್ರ ಮತ್ತು ಆನುವಂಶಿಕ ವಿಜ್ಞಾನದ ತಳಹದಿ.
2. ಸಂಭವನೀಯತೆ, ಸಂಖ್ಯಾಶಾಸ್ತ್ರ, ಅವಕಲನ ಸಮೀಕರಣಗಳು.
3. ಪೈಥಾನ್ ಮತ್ತು ಆರ್ ಭಾಷೆಗಳಲ್ಲಿ ಕ್ರಮವಿಧಿ ಬರವಣಿಗೆ, ಲಿನಕ್ಸ್ ಬಳಕೆ.
4. ಸರಣಿಗಳ ಹೋಲಿಕೆ, ಜೀನೋಮ್ ಮತ್ತು ಆರ್.ಎನ್.ಎ. ದತ್ತಾಂಶದ ವಿಶ್ಲೇಷಣೆ, ಯಂತ್ರಕಲಿಕೆ.
5. ಚಯಾಪಚಯ ಜಾಲಗಳು, ಸಂಕೇತಮಾರ್ಗಗಳ ಗಣಿತ ಮಾದರಿಗಳು.
6. ಹಲವು ತಿಂಗಳ ಸಂಶೋಧನಾ ಯೋಜನೆ ಮತ್ತು ಪ್ರೌಢಪ್ರಬಂಧ.

ಇವುಗಳಲ್ಲಿ ಕೊನೆಯದೇ ಪದವಿಯ ಜೀವಾಳ. ತಂತ್ರಾಂಶಗಳು ಕೆಲವೇ ವರ್ಷಗಳಲ್ಲಿ ಹಳತಾಗುತ್ತವೆ. ಪ್ರಶ್ನೆಯನ್ನು ಸರಿಯಾಗಿ ಕೇಳುವ, ಗಣಕ ಕೊಟ್ಟ ಉತ್ತರವನ್ನು ಅನುಮಾನಿಸುವ ಅಭ್ಯಾಸ ಮಾತ್ರ ಉಳಿಯುತ್ತದೆ.

ಸೇರುವ ಮುನ್ನ

ಕೊಲ್ಲಿಯ ಭಾರತೀಯ ಶಾಲೆಗಳಲ್ಲಿ ವೈದ್ಯಕೀಯದ ಆಸೆಯಿಂದ ಮಕ್ಕಳು ಹನ್ನೊಂದನೆಯ ತರಗತಿಯಲ್ಲಿಯೇ ಗಣಿತವನ್ನು ಕೈಬಿಡುವುದುಂಟು. ಸಾಧ್ಯವಿದ್ದರೆ ಜೀವಶಾಸ್ತ್ರದೊಡನೆ ಗಣಿತವನ್ನೂ ಉಳಿಸಿಕೊಳ್ಳುವುದು ಲೇಸು. ಬಿಟ್ಟವರು ಪದವಿಯ ವರ್ಷಗಳಲ್ಲಿ ಸಂಖ್ಯಾಶಾಸ್ತ್ರವನ್ನಾದರೂ ಕಲಿತಿರಬೇಕು. ಜೀವವಿಜ್ಞಾನ, ಜೈವಿಕ ತಂತ್ರಜ್ಞಾನ, ಗಣಕವಿಜ್ಞಾನ, ವೈದ್ಯಕೀಯ ಓದಿದವರೆಲ್ಲರಿಗೂ ಇಲ್ಲಿ ಎಡೆಯಿದೆ. ಭಾರತದಲ್ಲಿ ಪ್ರವೇಶಕ್ಕೆ ಸಂಸ್ಥೆಗೆ ತಕ್ಕಂತೆ ಜ್ಯಾಮ್, ಗ್ಯಾಟ್-ಬಿ ಮುಂತಾದ ಪರೀಕ್ಷೆಗಳಿವೆ.

ಶುಲ್ಕ ಕಟ್ಟುವ ಮೊದಲು ನಾಲ್ಕು ವಿಷಯಗಳನ್ನು ವಿಚಾರಿಸಿರಿ. ಸಂಶೋಧನಾ ಯೋಜನೆಗೆ ಎಷ್ಟು ತಿಂಗಳು? ಅದನ್ನು ಹೊರಗಿನ ಆಸ್ಪತ್ರೆ ಅಥವಾ ಪ್ರಯೋಗಾಲಯದಲ್ಲಿ ಮಾಡಬಹುದೆ? ಅಧ್ಯಾಪಕರು ಸ್ವತಃ ಸಂಶೋಧನೆ ನಡೆಸುತ್ತಿದ್ದಾರೆಯೆ? ಹಿಂದಿನ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ? ಇನ್ನೊಂದು ಮಾತನ್ನೂ ಸ್ಪಷ್ಟವಾಗಿ ಹೇಳಬೇಕು. ಈ ಪದವಿಯಿಂದ ಚಿಕಿತ್ಸೆ ನೀಡುವ ಅಧಿಕಾರ ದೊರೆಯುವುದಿಲ್ಲ. ಆನುವಂಶಿಕ ಪರೀಕ್ಷಾಲಯ, ಔಷಧ ಸಂಶೋಧನೆ, ಕೃಷಿ ವಿಜ್ಞಾನ, ಮುಂದಿನ ಪಿಎಚ್.ಡಿ. ಇವು ಇದರ ಸಹಜ ದಾರಿಗಳು.

ಮಗುವಿಗೆ ಆಸಕ್ತಿಯಿದೆಯೆ ಎಂದು ಖರ್ಚಿಲ್ಲದೆ ಪರೀಕ್ಷಿಸಬಹುದು. ಅಮೆರಿಕದ ಎನ್.ಸಿ.ಬಿ.ಐ. ಭಂಡಾರದಲ್ಲಿ ಬೀಟಾ ಗ್ಲೋಬಿನ್ ಜೀನನ್ನು ಹುಡುಕಿ, ಮೇಲೆ ಹೇಳಿದ ಅಕ್ಷರವನ್ನು ಸ್ವತಃ ಕಂಡುಹಿಡಿಯಲು ಹೇಳಿರಿ. ರೋಸಲಿಂಡ್ ಎಂಬ ಜಾಲತಾಣದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ಅಭ್ಯಾಸಗಳಿವೆ, ಬಯೋಮಾಡೆಲ್ಸ್ ಭಂಡಾರದಲ್ಲಿ ಸಿದ್ಧ ಗಣಿತ ಮಾದರಿಗಳಿವೆ. ಎರಡು ವಾರ ಇವುಗಳೊಡನೆ ಕಳೆದ ಮೇಲೂ ಕುತೂಹಲ ಉಳಿದಿದ್ದರೆ ಮುಂದುವರಿಯಬಹುದು.

ನಮ್ಮ ಅಕ್ಷರಗಳನ್ನು ಓದುವವರು

ಇಂದು ಆನುವಂಶಿಕ ಪರೀಕ್ಷೆಯ ವರದಿಗಳಲ್ಲಿ 'ಅರ್ಥ ಅನಿಶ್ಚಿತವಾದ ರೂಪಾಂತರ' ಎಂಬ ಸಾಲು ಆಗಾಗ ಕಾಣುತ್ತದೆ. ಅಕ್ಷರ ಬದಲಾಗಿದೆ, ಅದು ರೋಗವೋ ನಿರಪಾಯದ ಪಾಠಾಂತರವೋ ಗೊತ್ತಿಲ್ಲ ಎಂದು ಅದರ ತಾತ್ಪರ್ಯ. ಜಗತ್ತಿನ ದತ್ತಾಂಶ ಭಂಡಾರಗಳಲ್ಲಿ ಯುರೋಪ್ ಮೂಲದವರ ಅಕ್ಷರಗಳೇ ಹೆಚ್ಚಾಗಿರುವುದರಿಂದ, ಭಾರತೀಯರಿಗೂ ಅರಬರಿಗೂ ಈ ಅನಿಶ್ಚಿತ ಉತ್ತರ ಹೆಚ್ಚಾಗಿ ಸಿಗುತ್ತದೆ. ಅಂಥ ವರದಿಯನ್ನು ಹಿಡಿದು ಕುಳಿತ ತಂದೆತಾಯಿಗೆ ನಾನು ಹೇಳಬಲ್ಲದ್ದು ಬಹಳ ಕಡಿಮೆ.

ಈ ಕೊರತೆಯನ್ನು ತುಂಬುವ ಕೆಲಸ ಆರಂಭವಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ 2020ರಲ್ಲಿ ಮೊದಲಾದ ಜೀನೋಮ್ ಇಂಡಿಯಾ ಯೋಜನೆಯು 10,000 ಭಾರತೀಯರ ಸಂಪೂರ್ಣ ಆನುವಂಶಿಕ ಪಠ್ಯವನ್ನು ಓದಿತು. ಆ ದತ್ತಾಂಶವು 2025ರ ಜನವರಿಯಿಂದ ಸಂಶೋಧಕರಿಗೆ ಲಭ್ಯವಾಗತೊಡಗಿದೆ. ಓಲೆಗರಿಗಳು ಭಂಡಾರಕ್ಕೆ ಬಂದು ಸೇರಿವೆ. ಅವುಗಳನ್ನು ಹೊಂದಿಸಿ, ಪಾಠಾಂತರ ಗುರುತಿಸಿ, ಯಾವುದು ರೋಗ ಯಾವುದು ಬರಿಯ ವೈವಿಧ್ಯ ಎಂದು ಹೇಳುವ ಸಂಪಾದಕರು ಬೇಕಾಗಿದ್ದಾರೆ. ಮನೆಯಲ್ಲಿ ಕನ್ನಡ ಮಾತನಾಡುತ್ತ ಕೊಲ್ಲಿಯಲ್ಲಿ ಬೆಳೆದ ಹುಡುಗನೋ ಹುಡುಗಿಯೋ ಆ ಕೆಲಸಕ್ಕೆ ಹೊರಟರೆ, ವೈದ್ಯಕೀಯ ಸೀಟು ಸಿಗದವರೆಂದು ಅವರನ್ನು ಯಾರೂ ಮರುಗಬೇಕಾಗಿಲ್ಲ. ವೈದ್ಯನಾದ ನಾನು ಅವರ ಉತ್ತರಕ್ಕಾಗಿ ಕಾಯುತ್ತಿದ್ದೇನೆ.