ಪೆಟ್ರೋಲಿಗೆ ನೂರಕ್ಕೆ ನೂರು?

ನಮ್ಮ ಮುಂಬೈ ಶಾಖೆಯಲ್ಲಿರುವ ಮಂಗಳೂರು ಕಡೆಯ ಹುಡುಗನೊಬ್ಬ ಟರ್ಬೊ ಇಂಜಿನ್ನಿನ ಕಾರು ಕೊಂಡ. "ಸರ್, 100 ಆಕ್ಟೇನ್ ಪೆಟ್ರೋಲ್ ಹಾಕಿಸಿದ್ರೆ ಗಾಡಿ ಇನ್ನೂ ಜೋರಾಗಿ ಓಡುತ್ತಂತೆ, ಹೌದಾ?" ಎಂದು ಕೇಳಿದ. ಬಿ.ಕಾಂ. ಓದಿದವನಿಗೆ ಇಂಜಿನ್ನಿನ ವಿಷಯ ಅಷ್ಟಕ್ಕಷ್ಟೇ. ಆದರೆ ಅಂಕಿ ಕಂಡರೆ ಅದರ ಮೂಲ ಕೆದಕುವುದು ನಮ್ಮ ವೃತ್ತಿಯ ಚಾಳಿ ನೋಡಿ!

ಗಾಳಿ-ಪೆಟ್ರೋಲಿನ ಮಿಶ್ರಣವನ್ನು ಹೆಚ್ಚು ಒತ್ತಿ ಉರಿಸಿದಷ್ಟೂ ಇಂಜಿನ್ನಿಗೆ ಶಕ್ತಿ ಹೆಚ್ಚು. ಒತ್ತಡ ಮಿತಿಮೀರಿದರೆ ಮಾತ್ರ, ಪ್ಲಗ್ಗಿನ ಕಿಡಿಯಿಂದ ಹೊರಟ ಜ್ವಾಲೆ ತಲುಪುವ ಮೊದಲೇ ಉಳಿದ ಮಿಶ್ರಣ ತಾನಾಗಿ ಹೊತ್ತಿಕೊಳ್ಳುತ್ತದೆ. ಆಗಿನ ಟಕಟಕ ಸದ್ದೇ ನಾಕಿಂಗ್. ಜೋರಾದರೆ ಪಿಸ್ಟನ್ ಹಾಳು.

1921ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್‌ನ ಥಾಮಸ್ ಮಿಜ್ಲಿ ಇದಕ್ಕೊಂದು ಮದ್ದು ಕಂಡುಹಿಡಿದ: ಟೆಟ್ರಾಈಥೈಲ್ ಲೆಡ್, ಅಂದರೆ ಸೀಸದ ಸಂಯುಕ್ತ. 1924ರಲ್ಲಿ ನ್ಯೂಜೆರ್ಸಿಯ ಬೇವೇ ರಿಫೈನರಿಯಲ್ಲಿ ಅದನ್ನು ತಯಾರಿಸುತ್ತಿದ್ದ ಐವರು ಕಾರ್ಮಿಕರು ವಿಷವೇರಿ ಸತ್ತರು. ಮಿಜ್ಲಿ ಪತ್ರಕರ್ತರೆದುರು ಅದನ್ನೇ ಕೈಗೆ ಸುರಿದುಕೊಂಡು, ಭಯವಿಲ್ಲವೆಂದು ತೋರಿಸಿದ. ಹಿಂದಿನ ವರ್ಷವಷ್ಟೇ ಆತ ಸ್ವತಃ ಸೀಸದ ವಿಷದಿಂದ ನರಳಿದ್ದ!

ಪೆಟ್ರೋಲಿಗೆ ಮಾರ್ಕ್ಸ್ ಕೊಡುವ ಪದ್ಧತಿ 1926ರಲ್ಲಿ ಗ್ರಹಾಂ ಎಡ್ಗರ್ ಎಂಬವರಿಂದ ಬಂತು. ಸುಲಭವಾಗಿ ನಾಕ್ ಆಗದ ಐಸೋಆಕ್ಟೇನ್‌ಗೆ 100, ಬೇಗ ನಾಕ್ ಆಗುವ ಹೆಪ್ಟೇನ್‌ಗೆ ಸೊನ್ನೆ. 95 ಅಂದರೆ 95 ಪಾಲು ಅದು, 5 ಪಾಲು ಇದು ಬೆರೆಸಿದ ಮಿಶ್ರಣದಷ್ಟೇ ತಾಳ್ಮೆ. ಗಮನಿಸಿ, ಇದು ತಾಳ್ಮೆಯ ಅಂಕಿ, ಶಕ್ತಿಯದ್ದಲ್ಲ.

ಹಾಗಾದರೆ 1940ರ ಯುದ್ಧದಲ್ಲಿ ಬ್ರಿಟಿಷರ ಸ್ಪಿಟ್‌ಫೈರ್ ವಿಮಾನಗಳಿಗೆ 100 ಆಕ್ಟೇನ್ ಹೇಗೆ ಬಲ ತಂದಿತು? 87 ಇದ್ದಾಗ ಮರ್ಲಿನ್ ಇಂಜಿನ್ನಿನ ಬೂಸ್ಟ್ ಚದರ ಇಂಚಿಗೆ ಆರೂಕಾಲು ಪೌಂಡಿಗೆ ನಿಲ್ಲಬೇಕಿತ್ತು. 100 ಬಂದಮೇಲೆ ಇಂಜಿನ್ ಹೊಂದಿಸಿ 12 ಪೌಂಡಿಗೆ ಏರಿಸಿದರು. ಬಲ ಬಂದದ್ದು ಆ ಬೂಸ್ಟಿನಿಂದ. ಪೆಟ್ರೋಲು ಅದನ್ನು ತಾಳಿಕೊಂಡಿತು, ಅಷ್ಟೆ.

ನಮ್ಮ ಭಾಷೆಯಲ್ಲಿ ಹೇಳುವುದಾದರೆ ಆಕ್ಟೇನ್ ಎಂಬುದು ಓವರ್‌ಡ್ರಾಫ್ಟ್ ಲಿಮಿಟ್ ಇದ್ದಂತೆ. ಲಿಮಿಟ್ ಏರಿಸಿದ ಮಾತ್ರಕ್ಕೆ ವ್ಯಾಪಾರ ಬೆಳೆಯದು. ಬಳಸಿಕೊಳ್ಳುವ ವ್ಯಾಪಾರ ಇರಬೇಕು.

ಆ ಸೀಸದ ಹೊಗೆಯನ್ನು ನಾವೂ ಕುಡಿದವರೇ, ನಮ್ಮ ಮಕ್ಕಳೂ. ಬೆಳೆಯುವ ಮಕ್ಕಳ ಮೆದುಳಿಗೆ ಸೀಸ ದೊಡ್ಡ ಶತ್ರು. ಮುಂಬೈ ಸೇರಿ ನಾಲ್ಕು ಮಹಾನಗರಗಳಿಗೆ ಸೀಸರಹಿತ ಪೆಟ್ರೋಲ್ ಬಂದದ್ದು 1995ರಲ್ಲಿ, ದೇಶಕ್ಕೆಲ್ಲ 2000ದಲ್ಲಿ. ಜಗತ್ತಿನಲ್ಲಿ ಕೊನೆಗೆ ಸೀಸ ಬಿಟ್ಟ ದೇಶ ಅಲ್ಜೀರಿಯಾ, 2021ರಲ್ಲಿ. ಈಗ ಸೀಸವಿಲ್ಲದೆಯೇ ರಿಫೈನರಿಯ ಸಂಸ್ಕರಣೆ ಮತ್ತು ಎಥನಾಲ್‌ನಿಂದ ಆಕ್ಟೇನ್ ಏರಿಸುತ್ತಾರೆ. ಇಂಡಿಯನ್ ಆಯಿಲ್‌ನ ಎಕ್ಸ್‌ಪಿ100 ಬಂದದ್ದು 2020ರ ಡಿಸೆಂಬರ್‌ನಲ್ಲಿ.

ಹಾಗಾಗಿ ಹುಡುಗನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಪೆಟ್ರೋಲ್ ಮುಚ್ಚಳದ ಒಳಬದಿಯನ್ನೋ ಕಾರಿನ ಕೈಪಿಡಿಯನ್ನೋ ಓದಿ. 91 ಸಾಕೆಂದಿದ್ದರೆ 100ಕ್ಕೆ ಕೊಡುವ ಹೆಚ್ಚಿನ ದುಡ್ಡು ವ್ಯರ್ಥ ಖರ್ಚು. 95 ಕನಿಷ್ಠ ಎಂದಿದ್ದರೆ ಅದಕ್ಕಿಂತ ಕೆಳಗಿಳಿಯಬೇಡಿ. ಈಗಿನ ಇಂಜಿನ್‌ಗಳು ನಾಕಿಂಗ್ ಗುರುತಿಸಿ ಕಿಡಿಯನ್ನು ತಡವಾಗಿಸಿ ಬಚಾವಾಗುತ್ತವೆ ನಿಜ, ಆದರೆ ಶಕ್ತಿ ಸೋರುತ್ತದೆ. 98 ಒಳ್ಳೆಯದು ಎಂದು ಬರೆದಿದ್ದರೆ, ಧಾರಾಳವಾಗಿ ನೂರನ್ನೇ ಹಾಕಿಸಿ. ಅಮೆರಿಕದ ಕೈಪಿಡಿ ಓದುವವರು ಮಾತ್ರ ಎಚ್ಚರ: ಅವರ ಲೆಕ್ಕವೇ ಬೇರೆ, ಅಲ್ಲಿನ 91 ಸುಮಾರಾಗಿ ನಮ್ಮ 95!