ದುರಸ್ತಿಗೆ ಅಡ್ಡ ಬಂದವರು ಯಾರು? ಮೆಕ್ಯಾರನ್ ಈಜುಕೊಳ, 1984–2012

1936ರ ಬೇಸಿಗೆಯಲ್ಲಿ ನ್ಯೂಯಾರ್ಕ್ ನಗರದಲ್ಲಿ ಹನ್ನೊಂದು ಬೃಹತ್ ಈಜುಕೊಳಗಳು ಒಂದರ ಹಿಂದೊಂದು ತೆರೆದವು. ನಿರುದ್ಯೋಗ ನಿವಾರಣೆಗೆಂದು ಒಕ್ಕೂಟ ಸರ್ಕಾರ ಕೊಟ್ಟ ಹಣವನ್ನು ಉದ್ಯಾನ ಆಯುಕ್ತ ರಾಬರ್ಟ್ ಮೋಸಸ್ ಅವುಗಳಿಗೆ ತೊಡಗಿಸಿದರು ಎಂಬುದರಲ್ಲಿ ಭಿನ್ನಮತವಿಲ್ಲ. ಈ ಕೊಳಗಳು ಯಾರಿಗೆ ದಕ್ಕಿದವು ಎಂಬುದರಲ್ಲಿದೆ. ಈಸ್ಟ್ ಹಾರ್ಲೆಮ್‌ನ ಕೊಳದ ನೀರನ್ನು ಬೇಕೆಂದೇ ತಣ್ಣಗಿರಿಸಿ ಕಪ್ಪು ಜನರನ್ನು ದೂರವಿಟ್ಟರೆಂದು ಮೋಸಸ್ ಅವರ ಜೀವನಚರಿತ್ರೆಕಾರ ರಾಬರ್ಟ್ ಕ್ಯಾರೊ 1974ರಲ್ಲಿ ಬರೆದರು. ಇತಿಹಾಸಕಾರ್ತಿ ಮಾರ್ಟಾ ಗಟ್ಮನ್ 2008ರಲ್ಲಿ ಆ ಚಿತ್ರ ಅಷ್ಟು ಸರಳವಲ್ಲವೆಂದರು. ಚರ್ಚೆ ಬಹುಮಟ್ಟಿಗೆ ಕೊಳಗಳನ್ನು ಕಟ್ಟಿದ ಕಾಲದಲ್ಲೇ ನಿಂತಿದೆ. ದುರಸ್ತಿಯ ಕಾಲಕ್ಕೆ ಬಂದರೆ, ಎಲ್ಲವನ್ನೂ ಒಬ್ಬ ಅಧಿಕಾರಿಯ ಇಚ್ಛೆಗೆ ಕಟ್ಟುವ ಕ್ಯಾರೊ ಅವರ ವಿವರಣೆ ಸಾಲುವುದಿಲ್ಲ.

ಆ ಹನ್ನೊಂದರಲ್ಲಿ ಒಂದಾದ ಬ್ರೂಕ್ಲಿನ್‌ನ ಮೆಕ್ಯಾರನ್ ಕೊಳದಲ್ಲಿ ಒಮ್ಮೆಗೆ 6,800 ಜನ ಇಳಿಯಬಹುದಿತ್ತು. 1984ರಲ್ಲಿ ಅದು ಮುಚ್ಚಿತು. ನಗರದ 1975ರ ಹಣಕಾಸಿನ ಬಿಕ್ಕಟ್ಟೇ ಕಾರಣವೆಂಬುದು ರೂಢಿಯ ಮಾತು. ಕೊಳ ಹಾಳಾದದ್ದನ್ನು ಅದು ವಿವರಿಸೀತು, ಹಾಳಾಗಿಯೇ ಉಳಿದದ್ದನ್ನಲ್ಲ. ದುರಸ್ತಿಯ ಯೋಜನೆಯನ್ನು ವಿರೋಧಿಸಿ ತಡೆದವರಲ್ಲಿ ಸುತ್ತಲಿನ ನಿವಾಸಿಗಳೇ ಇದ್ದರು. ಅದೇ ದಶಕದಲ್ಲಿ, ಅದೇ ಬಡ ಬೊಕ್ಕಸದಿಂದ, ಬ್ರೂಕ್ಲಿನ್‌ನದೇ ಸನ್‌ಸೆಟ್ ಪಾರ್ಕ್ ಮತ್ತು ಬೆಟ್ಸಿ ಹೆಡ್ ಕೊಳಗಳು ದುರಸ್ತಿ ಕಂಡವು. ವಿರೋಧಿಸಿದವರು ಮುಂದಿಟ್ಟದ್ದು ಪುಂಡಾಟ, ಅಪರಾಧಗಳ ಭಯವನ್ನು; ಅದು ಬರಿಯ ನೆಪವೆಂದು ತಳ್ಳಿಹಾಕುವುದು ಅನ್ಯಾಯ. ಆದರೂ ಕೊಳದ ಪಕ್ಕದ ಗ್ರೀನ್‌ಪಾಯಿಂಟ್ ಆಗ ಹೆಚ್ಚಾಗಿ ಪೋಲಿಷ್ ಮತ್ತು ಇಟಾಲಿಯನ್ ಮೂಲದ ಬಿಳಿಯರ ಬಡಾವಣೆ. ಕೊಳಕ್ಕೆ ಬರುತ್ತಿದ್ದವರಲ್ಲಿ ನೆರೆಯ ಕಪ್ಪು ಮತ್ತು ಪೋರ್ಟೊರಿಕನ್ ಬಡಾವಣೆಗಳ ಮಕ್ಕಳಿದ್ದರು. ಎಲ್ಲರ ಮನಸ್ಸಿನಲ್ಲೂ ಜನಾಂಗದ್ವೇಷವೇ ಇತ್ತೆಂದು ಹೇಳುವಷ್ಟು ಪುರಾವೆಯಿಲ್ಲ. ನನ್ನ ವಾದ ಅದಕ್ಕಿಂತ ಸಣ್ಣದು: ‘ಸ್ಥಳೀಯರ ಅಭಿಪ್ರಾಯ’ ಎಂದು ದಾಖಲಾದದ್ದು ಕೊಳದ ಬಳಿ ಮನೆಯಿದ್ದವರ ಅಭಿಪ್ರಾಯ, ಅಲ್ಲಿ ಈಜುತ್ತಿದ್ದವರೆಲ್ಲರದಲ್ಲ. ಹೊರಗಿಡುವ ಕೆಲಸ ಮೇಲಿನಿಂದಷ್ಟೇ ಆಗಬೇಕಿಲ್ಲ. ದುರಸ್ತಿಯನ್ನು ತಡೆದರೂ ಸಾಕು. ಸಾರ್ವಜನಿಕ ಹೂಡಿಕೆಯ ಅಧ್ಯಯನಗಳು ಬಜೆಟ್ಟಿನ ಅಂಕಿಗಳನ್ನಷ್ಟೇ ನೋಡಿದರೆ ಇದು ಕಣ್ಣಿಗೆ ಬೀಳುವುದಿಲ್ಲ.

ಹಾಗಾದರೆ 2012ರಲ್ಲಿ ಸುಮಾರು 5 ಕೋಟಿ ಡಾಲರ್ ವೆಚ್ಚದಲ್ಲಿ ಕೊಳ ಮತ್ತೆ ತೆರೆದದ್ದು ಹೇಗೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಅಷ್ಟರಲ್ಲಿ ನೆರೆಹೊರೆಯೇ ಬದಲಾಗಿತ್ತು. 2005ರಲ್ಲಿ ಭೂಬಳಕೆಯ ನಿಯಮ ಸಡಿಲಗೊಂಡು ನದಿದಂಡೆಯಲ್ಲಿ ದುಬಾರಿ ಮನೆಗಳೆದ್ದವು. 2007ರಲ್ಲಿ ಕಟ್ಟಡಕ್ಕೆ ಪಾರಂಪರಿಕ ರಕ್ಷಣೆ ದೊರೆಯಿತು. ಕೊಳ ಮೊದಲಿಗಿಂತ ಕಿರಿದಾಯಿತು, ಜೊತೆಗೆ ವರ್ಷವಿಡೀ ನಡೆಯುವ ಮನರಂಜನಾ ಕೇಂದ್ರವೊಂದು ಸೇರಿತು. ನೆರೆಹೊರೆ ಬದಲಾದದ್ದೇ ಹಣ ಬರಲು ಕಾರಣವೆನ್ನಲು ಈ ಕಾಲಕ್ರಮವೊಂದೇ ಸಾಲದು. 1984ಕ್ಕೆ ಮೊದಲು ಬರುತ್ತಿದ್ದ ಮನೆತನಗಳಲ್ಲಿ ಎಷ್ಟು 2012ರ ನಂತರ ಮರಳಿದವು ಎಂಬುದನ್ನು ಇನ್ನು ಬಾಡಿಗೆಯ ದಾಖಲೆಗಳಿಂದಲೂ ಬಳಕೆದಾರರ ಮೌಖಿಕ ಇತಿಹಾಸದಿಂದಲೂ ಪರಿಶೀಲಿಸಬೇಕಿದೆ.